ಶೂ ಹಾಕಿಕೊಳ್ಳುವಾಗ ಹೇಳುವ ಪ್ರಾರ್ಥನೆ

ಅಮೆರಿಕದಲ್ಲಿ ಸಿನಗಾಗ್‌ಗಳು, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳು, ನಡೆಸುವ ಭಾನುವಾರದ ಶಾಲೆಗೆ ಬರುವ ಹೆಚ್ಚಿನ ಯಹೂದಿ ಮಕ್ಕಳ ಮನೆಮಾತು ಇಂಗ್ಲಿಷ್. ಪ್ರಾರ್ಥನೆ ಇರುವುದು ಹೀಬ್ರೂನಲ್ಲಿ. ಚಿಕ್ಕವರು ಬೇಗ ಬಾಯಿಪಾಠ ಮಾಡಿ ರಾಗವಾಗಿ ಹೇಳುತ್ತಾರೆ. ಒಂಬತ್ತು, ಹತ್ತು ವರ್ಷ ಆಗುತ್ತಿದ್ದಂತೆ ‘ಇದನ್ನ ಯಾಕೆ ಹೇಳಬೇಕು?’ ಅಂತ ಶುರುವಾಗುತ್ತದೆ. ‘ಅರ್ಥ ಹೇಳಿಕೊಟ್ಟರೆ ಸಾಕಲ್ವಾ?’ ಎಂದು ಅಪ್ಪ ಅಮ್ಮ, ಅಲ್ಲಿ ಪಾಠ ಹೇಳುವ ನನ್ನನ್ನು ಕೇಳುತ್ತಾರೆ. ಸಾಲದು. ಅರ್ಥ ಗೊತ್ತಿದ್ದೂ ಮನಸ್ಸಿಗೆ ತಾಗದ ಸಾಲುಗಳು ಎಷ್ಟೋ ಇರುತ್ತವೆ.

ನಾನು ಶುರು ಮಾಡುವುದು ಬೆಳಗಿನ ಸ್ತುತಿಗಳಿಂದ. ಈಗ ಅವನ್ನು ಸಿನಗಾಗ್‌ನಲ್ಲಿ ಒಂದರ ಹಿಂದೊಂದು ಓದಿ ಮುಗಿಸುವುದು ರೂಢಿ. ಆದರೆ ಯಹೂದಿ ಗುರುಗಳ ಚರ್ಚೆಗಳ ಪ್ರಾಚೀನ ಗ್ರಂಥ ತಾಲ್ಮುದ್‌ನ ‘ಬ್ರಾಖೋತ್’ ಭಾಗ ನೋಡಿ. ಅಲ್ಲಿ ಒಂದೊಂದು ಸ್ತುತಿಗೂ ಒಂದೊಂದು ಕೆಲಸ ಇದೆ. ಕೋಳಿ ಕೂಗು ಕೇಳಿದಾಗ ಒಂದು. ಕಣ್ಣು ಬಿಟ್ಟಾಗ, ಎದ್ದು ಕೂತಾಗ, ಬಟ್ಟೆ ತೊಟ್ಟಾಗ ಬೇರೆ ಬೇರೆ. ಪಾದರಕ್ಷೆ ಹಾಕಿಕೊಂಡಾಗ ‘ನನಗೆ ಬೇಕಾದ್ದನ್ನೆಲ್ಲ ಒದಗಿಸಿದವನಿಗೆ ಸ್ತುತಿ.’ ಆಯಾ ಕೆಲಸದ ಸಂದರ್ಭ ಬರದೆ ಅದರ ಸ್ತುತಿಯನ್ನು ಸುಮ್ನೆ ಹೇಳಬಾರದು ಎಂದು 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೋನಿಡೀಸ್ ವಾದಿಸಿದ್ದರು. ರೂಢಿ ಅವರ ಮಾತು ಕೇಳಲಿಲ್ಲ. ಮಕ್ಕಳ ಮಟ್ಟಿಗಂತೂ ಅವರ ಮಾತೇ ಸರಿ ಅನ್ನುವವಳು ನಾನು.

ಅದಕ್ಕೇ ತರಗತಿಯಲ್ಲಿ ಶೂ ಬಿಚ್ಚಿಸುತ್ತೇನೆ. ಮತ್ತೆ ಹಾಕಿಕೊಂಡು, ಲೇಸ್ ಕಟ್ಟುತ್ತಾ ಆ ಸಾಲು ಹೇಳಬೇಕು. ಆಮೇಲೆ ಒಂದೇ ಪ್ರಶ್ನೆ: ಶೂ ಇಲ್ಲದಿದ್ದರೆ ಇವತ್ತು ಎಲ್ಲಿಗೆ ಹೋಗೋಕೆ ಆಗ್ತಿರಲಿಲ್ಲ? ಹಿಮದಲ್ಲಿ ಆಟ, ಬಸ್ ಸ್ಟಾಪ್, ಅಜ್ಜಿ ಮನೆ ಅಂತೆಲ್ಲ ಬರುತ್ತವೆ. ಒಬ್ಬಳು ಹುಡುಗಿ, ‘ಇದು ಅಕ್ಕನ ಶೂ. ಅವಳು ಕಾಲೇಜಿಗೆ ಹೋಗಿಬಿಟ್ಟಳು’ ಅಂದಳು. ಆ ಸಾಲಿಗೆ ಅಕ್ಕ ಬಂದು ಸೇರಿಕೊಂಡಳು. ಅದರ ಮೇಲೆ ನಾನು ಪಾಠ ಮಾಡಲಿಲ್ಲ.

ಹಾಗಂತ ಹೀಬ್ರೂ ಸಾಲನ್ನು ಕೈಬಿಡುವುದಿಲ್ಲ, ಬದಲಿಸುವುದೂ ಇಲ್ಲ. ಅಜ್ಜನ ಪಕ್ಕ ನಿಂತಾಗ ಇಬ್ಬರ ಬಾಯಲ್ಲೂ ಒಂದೇ ಸಾಲು ಬರಬೇಕು. ಅದು ಸಣ್ಣ ವಿಷಯವಲ್ಲ.

ದೊಡ್ಡ ಮಕ್ಕಳಿಗೆ ಅಮಿದಾ. ನಿಂತು, ಪಿಸುದನಿಯಲ್ಲಿ ಹೇಳುವ ಪ್ರಾರ್ಥನೆ. ವಾರದ ದಿನಗಳಲ್ಲಿ ಅದಕ್ಕೆ 19 ಭಾಗ. ‘ನಮ್ಮ ಮೊರೆ ಕೇಳು’ ಅನ್ನುವ ಭಾಗದಲ್ಲಿ ಸ್ವಂತ ಬೇಡಿಕೆ ಸೇರಿಸಲು ಅವಕಾಶವಿದೆ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಆಗ ಬೈಬಲ್‌ನಲ್ಲಿ ಬರುವ ಹನ್ನಳ ಕತೆ ಹೇಳುತ್ತೇನೆ. ಮಗು ಬೇಕೆಂದು ಅವಳು ಬೇಡುವಾಗ ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಮುಂದೆ ತಾಲ್ಮುದ್‌ನ ಗುರುಗಳು ಪ್ರಾರ್ಥನೆಯ ನಿಯಮಗಳನ್ನು ಕಲಿತದ್ದು ಅವಳಿಂದಲೇ. ದೊಡ್ಡವರಿಗೆ ತಾವು ಅರ್ಥವಾಗುವುದಿಲ್ಲ ಎಂದು ಕೊರಗುವ ಹನ್ನೆರಡರ ಮಕ್ಕಳಿಗೆ ಈ ಕತೆ ನೇರವಾಗಿ ತಟ್ಟುತ್ತದೆ.

ಹೆತ್ತವರಲ್ಲಿ ಒಂದು ಕೋರಿಕೆ. ‘ಏನು ಬೇಡಿಕೊಂಡೆ?’ ಅಂತ ಮಗುವನ್ನು ಕೇಳಬೇಡಿ. ತರಗತಿಯಲ್ಲಿ ಮಕ್ಕಳಿಂದ ಬೇಡಿಕೆ ಬರೆಸಿದ ಹಾಳೆಯನ್ನು ನಾನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತು ನೀವೂ ಹೇಳಿ. ನಿಮಗೆ ಯಾವ ಸಾಲು ಹೇಳುವುದು ಕಷ್ಟ ಎಂದು ಮಗು ಕೇಳಿದರೆ, ನಿಜವನ್ನೇ ಹೇಳಿ.