ಬೇಲಿಯ ಆಡುಸೋಗೆ, ಬಾಟಲಿಯ ಸಿರಪ್

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಅರಸೀಕೆರೆ ಕಡೆಯ ಹಿತ್ತಲಲ್ಲಿ ಆಡುಸೋಗೆ ಬೇಲಿ ನೋಡಿದರೆ ಆ ಗಾದೆ ಸ್ವಲ್ಪ ಸುಳ್ಳು ಅನ್ನಿಸುತ್ತದೆ. ಆಡು ಮೂಸಿ ಮುಂದೆ ಹೋಗುತ್ತದೆ. ಅಷ್ಟು ಕಹಿ! ಕಡ್ಡಿ ನೆಟ್ಟರೆ ಚಿಗುರುತ್ತದೆ, ದನವೂ ಬಾಯಿ ಹಾಕುವುದಿಲ್ಲ. ಬೇಲಿಗೆ ಇನ್ನೇನು ಬೇಕು?

ಮಳೆಗಾಲದಲ್ಲಿ ಎದೆ ಕಟ್ಟಿ ಗೊರಗೊರ ಅನ್ನುವಾಗ ಮಾತ್ರ ಇದೇ ಕಹಿ ಬೇಕಾಗುತ್ತದೆ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಳುಮೆಣಸಿಗೆ ಬರವಿಲ್ಲ, ಕುಟ್ಟಿ ಕಷಾಯಕ್ಕೆ ಹಾಕಿದರಾಯಿತು. ಬಾಡಿಸುವುದು ಸುಮ್ನೆ ಶಾಸ್ತ್ರಕ್ಕಲ್ಲ. ಬಿಸಿಗೆ ಎಲೆಯ ಕೋಶಗಳು ಒಡೆದು ರಸ ಸಲೀಸಾಗಿ ಇಳಿಯುತ್ತದೆ.

ಆ ರಸದಲ್ಲಿರುವ ಮುಖ್ಯ ವಸ್ತು ವ್ಯಾಸಿಸಿನ್ ಎಂಬ ಆಲ್ಕಲಾಯ್ಡ್, ಅಂದರೆ ಗಿಡದಲ್ಲೇ ತಯಾರಾಗುವ, ನಮ್ಮ ಮೈಮೇಲೆ ಪರಿಣಾಮ ಬೀರುವ ಒಂದು ಬಗೆಯ ರಾಸಾಯನಿಕ. ಉಸಿರಿನ ಕೊಳವೆಗಳನ್ನು ಸಡಿಲಿಸುವ ಗುಣ ಅದಕ್ಕಿದೆ. ರಸಾಯನ ವಿಜ್ಞಾನಿಗಳು ಅದರ ರಚನೆಯನ್ನೇ ಮಾದರಿಯಾಗಿ ಇಟ್ಟುಕೊಂಡು, ಅಲ್ಲಿಷ್ಟು ತೆಗೆದು ಇಲ್ಲಿಷ್ಟು ಸೇರಿಸಿ, ಬ್ರೋಮ್‌ಹೆಕ್ಸಿನ್ ತಯಾರಿಸಿದರು. 1960ರ ದಶಕದಲ್ಲಿ ಜರ್ಮನಿಯಲ್ಲಿ ಅದು ಔಷಧಿಯಾಗಿ ಮಾರಾಟಕ್ಕೆ ಬಂತು. ಗಟ್ಟಿ ಕಫದಲ್ಲಿ ಎಳೆಗಳ ಜಾಲವಿರುತ್ತದೆ. ಬ್ರೋಮ್‌ಹೆಕ್ಸಿನ್ ಅದನ್ನು ಸಡಿಲಿಸಿ ಕಫ ತೆಳುವಾಗಿಸುತ್ತದೆ. ಆಗ ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ತಳ್ಳುವುದು ಸುಲಭ. ಈ ಬ್ರೋಮ್‌ಹೆಕ್ಸಿನ್ ನಮ್ಮ ದೇಹದೊಳಗೆ ಹೋಗಿ ಮಾರ್ಪಟ್ಟು ಆಂಬ್ರಾಕ್ಸಾಲ್ ಆಗುತ್ತದೆ. ಮನೆಯಲ್ಲಿರುವ ಕೆಮ್ಮಿನ ಸಿರಪ್ಪಿನ ಲೇಬಲ್ ಓದಿ ನೋಡಿ, ಈ ಎರಡರಲ್ಲಿ ಒಂದು ಹೆಸರು ಸಿಕ್ಕರೂ ಸಿಗಬಹುದು.

ಹಾಗಂತ ಎಲೆಯೂ ಸಿರಪ್ಪೂ ಒಂದೇ ಅಲ್ಲ. ಬ್ರೋಮ್‌ಹೆಕ್ಸಿನ್ ಮಾತ್ರೆಯಲ್ಲಿ 8 ಮಿಲಿಗ್ರಾಂ ಅಂತ ಬರೆದಿದ್ದರೆ ಅಷ್ಟೇ ಇರುತ್ತದೆ. ಎಲೆಗೆ ಅಂಥ ಲೆಕ್ಕವಿಲ್ಲ. ಎಳೆಯದೋ ಬಲಿತದ್ದೋ, ಬೇಸಿಗೆಯದೋ ಮಳೆಗಾಲದ್ದೋ ಅನ್ನುವುದರ ಮೇಲೆ ವ್ಯಾಸಿಸಿನ್ ಹೆಚ್ಚುಕಮ್ಮಿ ಆಗುತ್ತದೆ. ಒಂದು ಹಿಡಿ ಹಾಕಿದ್ದು ಸಾಲದು ಅಂತ ಮೂರು ಹಿಡಿ ಹಾಕುವವರನ್ನು ಕಂಡರೆ ನನಗೆ ಭಯ. ಜಾಸ್ತಿ ಕುಡಿದರೆ ವಾಂತಿ, ಭೇದಿ ಆಗಬಹುದು.

ಗರ್ಭಿಣಿಯರಿಗಂತೂ ಇದು ಬೇಡವೇ ಬೇಡ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಜಮ್ಮುವಿನ ಪ್ರಯೋಗಾಲಯದಲ್ಲಿ ಇದೇ ಗುಣವನ್ನು ಹೆರಿಗೆಯ ಔಷಧಿಗೆ ಬಳಸಬಹುದೇ ಎಂದು ಪರೀಕ್ಷಿಸಿದ್ದೂ ಉಂಟು. ಸೊಪ್ಪು ತಾನೇ, ಏನೂ ಆಗಲ್ಲ ಅನ್ನುವವರು ಇದನ್ನು ಗಮನಿಸಬೇಕು. ಇನ್ನು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಜೇನಿನಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಅದನ್ನು ತಡೆಯುವ ಶಕ್ತಿ ಆ ಪುಟ್ಟ ಕರುಳಿಗೆ ಇನ್ನೂ ಬಂದಿರುವುದಿಲ್ಲ.

ಸಾಮಾನ್ಯ ಶೀತದ ಕೆಮ್ಮು ಹೇಗೂ ಇಳಿಯುತ್ತದೆ, ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ! ಆದರೆ ಎರಡು ವಾರ ದಾಟಿದರೂ ಕೆಮ್ಮು ಬಿಡದಿದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ದುಡ್ಡಿಲ್ಲ. ಕಫದಲ್ಲಿ ರಕ್ತ ಕಂಡರೆ ಆ ಎರಡು ವಾರವನ್ನೂ ಕಾಯಬೇಡಿ.