ತಪ್ಪು ಮಾಡದವರಿಗೆ ಟಾಡಾ, ಯುಎಪಿಎಗಳ ಭಯವೇಕೆ?

ಪ್ರಶ್ನೆ: ಭಯೋತ್ಪಾದನೆ ತಡೆಯಲು ಪೊಲೀಸರಿಗೆ ಹೆಚ್ಚಿನ ಅಧಿಕಾರ ಕೊಟ್ಟರೆ ಸಮಾಜಕ್ಕೆ ಏನು ಹಾನಿ? ನಿರಪರಾಧಿಯಾಗಿದ್ದರೆ ನ್ಯಾಯಾಲಯವೇ ಬಿಡುತ್ತದಲ್ಲವೇ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಎರಡನೆಯ ವಾಕ್ಯ ಮತ್ತೆ ಮತ್ತೆ ಬರುತ್ತಲೇ ಇದೆ; ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನ್ಯಾಯಾಲಯ ಬಿಡುತ್ತದೆ, ನಿಜ. ಯಾವಾಗ ಬಿಡುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ವೀರಪ್ಪನ್‌ಗೆ ನೆರವಾದರೆಂಬ ಆರೋಪದ ಮೇಲೆ ಮಲೆಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರು, ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆಯಡಿ ಬಂಧಿತರಾಗಿ ಮೈಸೂರು ಜೈಲು ಸೇರಿದರು. 1995ರಲ್ಲಿ ಕಾಯ್ದೆಯ ಅವಧಿಯೇ ಮುಗಿಯಿತು, ಆದರೆ ಹಳೆಯ ಪ್ರಕರಣಗಳು ಮುಗಿಯಲಿಲ್ಲ. ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರ ಸೆಪ್ಟೆಂಬರ್‌ನಲ್ಲಿ: 14 ಮಂದಿಗೆ ಶಿಕ್ಷೆ, 109 ಮಂದಿ ಖುಲಾಸೆ. ಹಾಗೆ ಬಿಡುಗಡೆಯಾದವರಲ್ಲಿ ಹಲವರು ಅಷ್ಟರಲ್ಲಿ ಎಷ್ಟೋ ವರ್ಷ ಸೆರೆಯಲ್ಲಿ ಕಳೆದಿದ್ದರು.

ಇದಕ್ಕೆ ನ್ಯಾಯಾಲಯದ ನಿಧಾನವೊಂದೇ ಕಾರಣವೆಂದು ತಿಳಿಯಬೇಡಿ; ಕಾರಣ ಕಾಯ್ದೆಯೊಳಗೇ ಇದೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಆಧಾರವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು, ಸರ್ಕಾರಿ ವಕೀಲರ ವಿರೋಧದ ನಡುವೆ ಟಾಡಾದಲ್ಲಿ ಜಾಮೀನು ಸಿಗುತ್ತಿರಲಿಲ್ಲ. ಸಾಕ್ಷಿಗಳ ವಿಚಾರಣೆಯೇ ಆರಂಭವಾಗದಿರುವಾಗ ಆ ಮನವರಿಕೆ ಆಗುವುದಾದರೂ ಹೇಗೆ? ಈಗ ಭಯೋತ್ಪಾದನೆ ಪ್ರಕರಣಗಳಿಗೆ ಬಳಸುವ ಯುಎಪಿಎಗೆ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) 2008ರಲ್ಲಿ ಸೇರಿದ 43ಡಿ ಕಲಮಿನ ಪ್ರಕಾರ, ಪೊಲೀಸರ ಕಡತ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಸಾಕು, ಜಾಮೀನಿಲ್ಲ. ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಅವಕಾಶವಿದೆ. ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ವಿವರವಾಗಿ ತೂಗಿ ನೋಡುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಚಾರಣೆ ಮಿತಿಮೀರಿ ಎಳೆದರೆ ಜಾಮೀನು ಕೊಡಬಹುದೆಂದು 2021ರಲ್ಲಿ ಅದೇ ನ್ಯಾಯಾಲಯ ಹೇಳಿದ್ದು ದೊಡ್ಡ ಸಮಾಧಾನ. ಆದರೆ ಆ ಬಾಗಿಲು ತೆರೆಯಬೇಕಾದರೂ ಮೊದಲು ವರ್ಷಗಳು ಕಳೆದಿರಬೇಕು. ಒಟ್ಟಿನಲ್ಲಿ, ತೀರ್ಪಿಗೆ ಮುಂಚೆಯೇ ಶಿಕ್ಷೆ ನಡೆದುಹೋಗುತ್ತದೆ.

2000ದ ಜುಲೈನಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ವೀರಪ್ಪನ್ ಈ ಕೈದಿಗಳ ಬಿಡುಗಡೆ ಕೇಳಿದ. ಅಲ್ಲಿಯವರೆಗೆ ಅವರನ್ನು ಹೊರಗೆ ಬಿಡುವುದೇ ಅಪಾಯವೆಂದಿದ್ದ ಸರ್ಕಾರ ಟಾಡಾ ಆರೋಪ ಹಿಂಪಡೆಯಲು ಮುಂದಾಯಿತು. ವೀರಪ್ಪನ್ ತಂಡದಿಂದ ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಇದನ್ನು ಪ್ರಶ್ನಿಸಿದರು, ಸುಪ್ರೀಂ ಕೋರ್ಟ್ ತಡೆಯಿತು. ಮಗನನ್ನು ಕಳೆದುಕೊಂಡ ಆ ತಂದೆಯ ನೋವು ನ್ಯಾಯವಾದದ್ದೇ. ಆದರೆ ಸರ್ಕಾರದ ನಿಲುವು ಬದಲಾದದ್ದು ಸಾಕ್ಷ್ಯ ಬದಲಾದ್ದರಿಂದಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ವಿಶೇಷ ಅಧಿಕಾರವೇ ಬೇಡವೇ? ಸಂಚಿನ ತನಿಖೆಗೆ ಹೆಚ್ಚು ಕಾಲಾವಕಾಶ, ಹಣದ ಜಾಡು ಹಿಡಿಯುವ ಅಧಿಕಾರ ಬೇಕು ಎಂದೇ ನನ್ನ ಅಭಿಪ್ರಾಯ. ಒಳಿತಿಗಿಂತ ಕೇಡು ಹೆಚ್ಚಾಗುವುದು ಜಾಮೀನಿನ ದಾರಿ ಮುಚ್ಚಿದಾಗ. ಅಲ್ಲದೆ, ಪೊಲೀಸರನ್ನು ಕಂಡರೆ ನಡುಗುವ ಹಳ್ಳಿಯಿಂದ ಮಾಹಿತಿ ಬರುವುದಿಲ್ಲ.

ನೀವು ಕೇಳದ ಪ್ರಶ್ನೆಯೊಂದು ಉಳಿದಿದೆ: ಖುಲಾಸೆಯಾದವರಿಗೆ ಪರಿಹಾರ ಸಿಗುತ್ತದೆಯೇ? ವೀರಪ್ಪನ್ ಬೇಟೆಗೆ ರಚಿಸಿದ್ದ ಪೊಲೀಸರ ವಿಶೇಷ ಕಾರ್ಯಪಡೆಯ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಣೆ ನಡೆಸಿದ ಬಳಿಕ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದು ದೌರ್ಜನ್ಯಕ್ಕೆ ಸಿಕ್ಕ ಪರಿಹಾರವೇ ಹೊರತು ಜೈಲಿನಲ್ಲಿ ಕಳೆದ ವರ್ಷಗಳಿಗಲ್ಲ. ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರವನ್ನು ಕಾನೂನಿನ ಹಕ್ಕಾಗಿಸಬೇಕೆಂದು ಕಾನೂನು ಆಯೋಗ 2018ರಲ್ಲಿಯೇ ವರದಿ ಕೊಟ್ಟಿದೆ. ಸಂಸತ್ತು ಅದನ್ನು ಕೈಗೆತ್ತಿಕೊಳ್ಳಬೇಕು.