ಎಕ್ಸ್‌ಪೀರಿಯೆನ್ಶಿಯಲ್ ಥೆರಪಿ: ನೋವನ್ನು ಹೇಳುವುದು ಬೇರೆ, ಮುಟ್ಟುವುದು ಬೇರೆ

ಮಂಗಳೂರು, ಉಡುಪಿ ಕಡೆ ಸೈಕಾಲಜಿ, ಕೌನ್ಸೆಲಿಂಗ್, ಎಂ.ಎಸ್.ಡಬ್ಲ್ಯೂ ಓದುತ್ತಿರುವ ನಮ್ಮಂಥವರಿಗಾಗಿ ಈ ಟಿಪ್ಪಣಿ. ಎಕ್ಸ್‌ಪೀರಿಯೆನ್ಶಿಯಲ್ ಥೆರಪಿ ಅಂದರೆ ನೋವಿನ ಬಗ್ಗೆ ಬರೀ ಮಾತಾಡದೆ, ಅದನ್ನು ಆ ಕ್ಷಣದಲ್ಲೇ ಅನುಭವಿಸಿ ಕೆಲಸ ಮಾಡುವ ಚಿಕಿತ್ಸೆಗಳ ಗುಂಪು. ಈ ಪಾಠದಲ್ಲಿ ಹೆಸರುಗಳೂ ತಂತ್ರಗಳೂ ತುಂಬ ಇವೆ. ಎಲ್ಲವನ್ನೂ ಬಾಯಿಪಾಠ ಮಾಡಬಹುದು. ಆದರೆ ಇದರಿಂದ ಮನಸ್ಸು ಗುಣವಾಗುವುದು ಹೇಗೆ ಅಂತ ಯಾರಾದರೂ ಕೇಳಿದರೆ ಉತ್ತರ ಸುಲಭವಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಸುರತ್ಕಲ್ ಕಡೆಯ ಒಬ್ಬ ಯುವತಿ. ತಂದೆ ಗಲ್ಫ್‌ನಲ್ಲಿ ಕೆಲಸಕ್ಕಿದ್ದವರು, ಅಲ್ಲೇ ತೀರಿಕೊಂಡರು. ಅವಳು ಆಗ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಳು. ಈಗ ಅವಳಿಗೆ ನಿದ್ದೆ ಸರಿಯಿಲ್ಲ, ಸಣ್ಣ ವಿಷಯಕ್ಕೂ ಗಂಡನ ಮೇಲೆ ರೇಗುತ್ತಾಳೆ. ತಂದೆಯ ಬಗ್ಗೆ ಕೇಳಿದರೆ ಎಲ್ಲವನ್ನೂ ಸಲೀಸಾಗಿ ಹೇಳುತ್ತಾಳೆ. ಯಾವ ಆಸ್ಪತ್ರೆ, ಯಾರು ಫೋನ್ ಮಾಡಿದರು, ದೇಹ ಊರಿಗೆ ತರಲು ಎಷ್ಟು ಓಡಾಟವಾಯಿತು. ಕೊನೆಗೆ "ಅದೆಲ್ಲ ಮುಗಿದು ಹೋದ ವಿಷಯ" ಎನ್ನುತ್ತಾಳೆ. ಹಾಗೆ ಹೇಳುವಾಗ ಅವಳ ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡಿರುತ್ತದೆ.

ಇಲ್ಲಿ ಥೆರಪಿಸ್ಟ್ ಇನ್ನೊಂದು ಪ್ರಶ್ನೆ ಕೇಳಲು ಹೋಗುವುದಿಲ್ಲ. "ಈ ಕೈ ಏನನ್ನೋ ಹಿಡಿದುಕೊಂಡ ಹಾಗಿದೆ. ಸ್ವಲ್ಪ ಹೊತ್ತು ಅದನ್ನೇ ಗಮನಿಸೋಣವಾ?" ಎನ್ನುತ್ತಾರೆ. ಆಮೇಲೆ, ಅವಳು ಒಪ್ಪಿದರೆ, ಎದುರಿಗೆ ಒಂದು ಖಾಲಿ ಕುರ್ಚಿ ಇಡುತ್ತಾರೆ. ಅಲ್ಲಿ ತಂದೆ ಕೂತಿದ್ದಾರೆ ಎಂದುಕೊಂಡು ನೇರವಾಗಿ ಅವರ ಹತ್ತಿರವೇ ಮಾತಾಡಲು ಹೇಳುತ್ತಾರೆ. ಮೊದಲು ಬರುವುದು ಸಿಟ್ಟು: "ನನ್ನ ರಿಸಲ್ಟ್ ಬರುವ ತನಕವಾದರೂ ಇರಬಾರದಿತ್ತಾ?" ಆ ಸಿಟ್ಟಿಗೆ ಜಾಗ ಸಿಕ್ಕಿದ ಮೇಲೆ ಅದರಡಿಯ ದುಃಖ ಮೇಲೆ ಬರುತ್ತದೆ. ನಂತರ ಅವಳೇ ಆ ಕುರ್ಚಿಯಲ್ಲಿ ಕೂತು ತಂದೆಯಾಗಿ ಉತ್ತರಿಸುತ್ತಾಳೆ: "ನನಗೂ ಬರಬೇಕು ಅಂತಲೇ ಇತ್ತು ಮಗಾ." ಇಷ್ಟು ವರ್ಷ ಯಾರೂ ಅವಳಿಗೆ ಹೇಳದೇ ಇದ್ದ ಮಾತು ಅದು. ಅವಳ ಬಾಯಿಂದಲೇ ಬಂದಿತು.

ಈಗ ಇದರ ಹಿಂದಿನ ಕೆಲಸ ನೋಡೋಣ. ಎಮೋಷನ್ ಫೋಕಸ್ಡ್ ಥೆರಪಿಯನ್ನು (ಭಾವನೆಗಳನ್ನೇ ಕೇಂದ್ರದಲ್ಲಿಟ್ಟ ಚಿಕಿತ್ಸೆ) ಬೆಳೆಸಿದ ಲೆಸ್ಲಿ ಗ್ರೀನ್‌ಬರ್ಗ್ ಭಾವನೆಗಳಲ್ಲಿ ಪ್ರೈಮರಿ (ಮೊದಲು ಏಳುವ ಮೂಲ ಭಾವನೆ), ಸೆಕೆಂಡರಿ (ಅದರ ಮೇಲೆ ಬರುವ ಭಾವನೆ) ಎಂದು ವ್ಯತ್ಯಾಸ ಮಾಡುತ್ತಾರೆ. ಗಂಡನ ಮೇಲಿನ ರೇಗಾಟ ಸೆಕೆಂಡರಿ. ಅದು ಒಳಗಿನ ದುಃಖವನ್ನು ಮುಚ್ಚಿಕೊಂಡಿದೆ. ರೇಗಾಟವನ್ನು ಮಾತ್ರ ಹಿಡಿದು ಸಲಹೆ ಕೊಟ್ಟರೆ ಅಡಿಯಲ್ಲಿರುವುದು ಹಾಗೆಯೇ ಉಳಿಯುತ್ತದೆ. ಗ್ರೀನ್‌ಬರ್ಗ್ ಹೇಳುವ ಇನ್ನೊಂದು ಮುಖ್ಯ ವಿಷಯ: ಒಂದು ಭಾವನೆಯನ್ನು ಬದಲಿಸಲು ಇನ್ನೊಂದು ಭಾವನೆ ಬೇಕು. ಅಪ್ಪ ನನ್ನನ್ನು ಬಿಟ್ಟು ಹೋದರು ಎಂಬ ಹಳೆ ಭಾವ ಎಚ್ಚರವಾಗಿರುವಾಗಲೇ, ಅಪ್ಪನಿಗೂ ನನ್ನ ಹತ್ತಿರ ಬರುವ ಆಸೆ ಇತ್ತು ಎಂಬ ಹೊಸ ಅನುಭವ ಅದರ ಪಕ್ಕಕ್ಕೆ ಬಂದು ಕೂರಬೇಕು. ತರ್ಕದಿಂದ ಇದು ಆಗುವುದಿಲ್ಲ. ಅಪ್ಪನದ್ದು ತಪ್ಪಿಲ್ಲ ಅಂತ ಅವಳ ತಲೆಗೆ ಮೊದಲಿನಿಂದಲೂ ಗೊತ್ತಿತ್ತು, ಅಲ್ವಾ?

ಮೆದುಳಿನ ಕಡೆಯಿಂದಲೂ ಒಂದು ವಿವರಣೆ ಉಂಟು. 2000ದಲ್ಲಿ ವಿಜ್ಞಾನಿಗಳಾದ ಕರೀಮ್ ನಾದರ್, ಗ್ಲೆನ್ ಶೇಫ್, ಜೋಸೆಫ್ ಲೆಡೂ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಗಟ್ಟಿಯಾಗಿದ್ದ ಭಯದ ನೆನಪು ಮತ್ತೆ ಎಚ್ಚರವಾದಾಗ ಸ್ವಲ್ಪ ಹೊತ್ತು ಬದಲಾಗಬಲ್ಲ ಸ್ಥಿತಿಗೆ ಬರುತ್ತದೆ ಎಂದು ಕಂಡುಬಂತು. ಇದೇ ಥೆರಪಿ ಕೋಣೆಯಲ್ಲೂ ನಡೆಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ಚರ್ಚೆ ಇನ್ನೂ ಮುಗಿದಿಲ್ಲ. ಉತ್ತರಪತ್ರಿಕೆಯಲ್ಲಿ "ಒಂದು ಸಾಧ್ಯ ವಿವರಣೆ" ಎಂದು ಬರೆಯಿರಿ, ಸಾಬೀತಾದ ಸತ್ಯ ಎಂದು ಬರೆಯಬೇಡಿ.

ಇತಿಹಾಸ ಬೇಗ ಮುಗಿಸೋಣ. ಜೇಕಬ್ ಮೊರೆನೋ 1920ರ ದಶಕದ ಆರಂಭದಲ್ಲಿ ವಿಯೆನ್ನಾದಲ್ಲಿ, ಮೊದಲೇ ಬರೆದಿಟ್ಟ ಮಾತಿಲ್ಲದ ನಾಟಕಗಳನ್ನು ಆಡಿಸುತ್ತಿದ್ದರು. ಅದರಿಂದ ಸೈಕೋಡ್ರಾಮಾ, ಅಂದರೆ ತಮ್ಮ ಬದುಕಿನ ಸನ್ನಿವೇಶವನ್ನು ಗುಂಪಿನ ಎದುರು ಆಡಿ ನೋಡುವ ಚಿಕಿತ್ಸೆ, ಬೆಳೆಯಿತು. ಖಾಲಿ ಕುರ್ಚಿಯನ್ನು ಜನಪ್ರಿಯ ಮಾಡಿದವರು ಗೆಸ್ಟಾಲ್ಟ್ ಥೆರಪಿಯ (ಈ ಕ್ಷಣದ ಅರಿವಿಗೆ ಒತ್ತು ಕೊಡುವ ಚಿಕಿತ್ಸೆ) ಫ್ರಿಟ್ಸ್ ಪರ್ಲ್ಸ್. ಕುಟುಂಬ ಚಿಕಿತ್ಸಕಿ ವರ್ಜೀನಿಯಾ ಸಟೀರ್ ಮನೆಯವರನ್ನೇ ನಿಲ್ಲಿಸಿ, ಯಾರು ಯಾರಿಗೆ ಎಷ್ಟು ಹತ್ತಿರ, ಯಾರು ಬೆನ್ನು ತಿರುಗಿಸಿದ್ದಾರೆ ಎಂದು ಜೀವಂತ ಶಿಲ್ಪದ ಹಾಗೆ ತೋರಿಸಿದರು. ಮುಷ್ಟಿಯನ್ನು ಗಮನಿಸಿದೆವಲ್ಲ, ದೇಹದ ಅಂಥ ಅಸ್ಪಷ್ಟ ಅನಿಸಿಕೆಯ ಬಳಿ ತಾಳ್ಮೆಯಿಂದ ಕೂರುವುದನ್ನು ಒಂದು ವಿಧಾನವಾಗಿ ಕಲಿಸಿದವರು ಯೂಜೀನ್ ಜೆಂಡ್ಲಿನ್. ಚಿತ್ರ, ಸಂಗೀತ, ಮರಳಿನ ತಟ್ಟೆ, ಕುದುರೆಗಳ ಜೊತೆಗಿನ ಚಿಕಿತ್ಸೆಯೂ ಇದೇ ಗುಂಪಿನಲ್ಲಿ ಬರುತ್ತವೆ.

ಸೈಕೋಡ್ರಾಮಾದಲ್ಲಿ ಕಷ್ಟವಾಗುವುದು ರೋಲ್ ರಿವರ್ಸಲ್, ಅಂದರೆ ಎದುರಿನವರ ಜಾಗಕ್ಕೆ ಹೋಗಿ ಅವರಾಗಿಯೇ ಮಾತಾಡುವುದು. ನಮ್ಮ ಕರಾವಳಿಯವರಿಗೆ ಇದನ್ನು ಹಿಡಿಯಲು ತಾಳಮದ್ದಳೆ ಸಾಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ "ನಾನು" ಎಂದೇ ಪಾತ್ರವಾಗಿ ಮಾತಾಡುತ್ತಾರೆ. ಇವತ್ತು ಕರ್ಣನ ಪರವಾಗಿ ಎದೆ ತುಂಬಿ ಮಾತಾಡಿದವರೇ ಇನ್ನೊಂದು ದಿನ ಕೃಷ್ಣನಾಗಿ ಕರ್ಣನ ಎದುರು ಕೂರುತ್ತಾರೆ. ಆ ಜಾಗದಲ್ಲಿ ಕೂತಾಗ ಮಾತ್ರ ಹುಟ್ಟುವ ಮಾತುಗಳಿರುತ್ತವೆ. ಹಾಗಂತ ತಾಳಮದ್ದಳೆ ಚಿಕಿತ್ಸೆಯಲ್ಲ. ಅದು ಕಲೆ, ಅದರ ಉದ್ದೇಶವೇ ಬೇರೆ. ಥೆರಪಿಯಲ್ಲಿ ಪಾತ್ರ ಪುರಾಣದ್ದಲ್ಲ, ಅವರವರ ಬದುಕಿನದ್ದು. ಜೊತೆಗೆ, ಜೋಪಾನವಾಗಿ ನೋಡಿಕೊಳ್ಳಲು ತರಬೇತಿ ಪಡೆದ ಒಬ್ಬರು ಇರುತ್ತಾರೆ.

ನನಗೆ ತುಂಬ ಮುಖ್ಯ ಅನಿಸುವುದು ಚಟುವಟಿಕೆ ಮುಗಿದ ಮೇಲಿನ ಹೊತ್ತು. ಅತ್ತುಬಿಟ್ಟರೆ ಹಗುರಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಜಾಸ್ತಿ. ಆದರೆ ಬರೀ ಅಳು ಗುಣ ಮಾಡುವುದಿಲ್ಲ. ಭಾವನೆ ಎದ್ದ ಮೇಲೆ ಅದಕ್ಕೆ ಮಾತು ಸಿಗಬೇಕು, ಅರ್ಥ ಸಿಗಬೇಕು. ಸೈಕೋಡ್ರಾಮಾದ ಮೂರು ಹಂತಗಳಲ್ಲಿ, ಅಂದರೆ ವಾರ್ಮ್ ಅಪ್, ಆಕ್ಷನ್, ಶೇರಿಂಗ್‌ನಲ್ಲಿ, ಕೊನೆಯದು ಇದಕ್ಕಾಗಿಯೇ ಇದೆ. ಅಲ್ಲಿ ಗುಂಪಿನವರು ಉಪದೇಶ ಕೊಡುವ ಹಾಗಿಲ್ಲ, ವಿಶ್ಲೇಷಣೆ ಮಾಡುವ ಹಾಗಿಲ್ಲ. ನೋಡುವಾಗ ತಮ್ಮ ಬದುಕಿನಲ್ಲಿ ಏನು ನೆನಪಾಯಿತು ಎಂದಷ್ಟೇ ಹೇಳಬೇಕು. ಎಲ್ಲರೆದುರು ಮನಸ್ಸು ಬಿಚ್ಚಿದವರಿಗೆ ತಾವು ಒಬ್ಬರೇ ಅಲ್ಲ ಅಂತ ಗೊತ್ತಾಗುವುದು ಆಗಲೇ. ಸಮಯ ಇಲ್ಲವೆಂದು ಈ ಹಂತ ಬಿಟ್ಟರೆ ಗಾಯ ತೆರೆದು ಹಾಗೇ ಮನೆಗೆ ಕಳಿಸಿದಂತೆ. ಇದು ದೊಡ್ಡ ತಪ್ಪು.

ನಮ್ಮ ಊರಿನಲ್ಲಿ ಕೆಲಸ ಮಾಡುವವರು ಎರಡು ವಿಷಯ ನೆನಪಿಡಬೇಕು. ಕೌನ್ಸೆಲಿಂಗ್ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ನಡೆಯುತ್ತಿರಬಹುದು. ಆದರೆ ಖಾಲಿ ಕುರ್ಚಿಯ ಎದುರು ಚಿಕಿತ್ಸೆಗೆ ಬಂದವರು ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿ ಬೇಕಾದರೂ ಮಾತಾಡಲಿ. ಸತ್ತ ಅಜ್ಜಿಯ ಹತ್ತಿರ ಮನೆಯ ಭಾಷೆಯಲ್ಲದೆ ಬೇರೆ ಯಾವುದರಲ್ಲಿ ಮಾತಾಡುವುದು? ಇನ್ನೊಂದು, ಗುಟ್ಟು ಕಾಪಾಡುವ ವಿಷಯ. ಹೊರಗೆ ನಡೆಯುತ್ತಾ ಮಾತಾಡುವ ಸೆಷನ್‌ಗೆ ಪಣಂಬೂರು ಬೀಚ್, ಕದ್ರಿ ಪಾರ್ಕ್ ಚೆಂದವೇ. ಆದರೆ ಅಲ್ಲಿ ಗುರುತಿನವರು ಎದುರಾಗುವ ಸಾಧ್ಯತೆ ಜಾಸ್ತಿ. ಹಾಗಾದರೆ ಏನು ಮಾಡೋಣ ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಎಲ್ಲರಿಗೂ, ಎಲ್ಲ ಹೊತ್ತಿಗೂ ಇದು ಸರಿಯಲ್ಲ. ಸೈಕೋಸಿಸ್ (ನಿಜ ಯಾವುದು, ಭ್ರಮೆ ಯಾವುದು ಎಂಬ ಅರಿವು ತಪ್ಪುವ ಸ್ಥಿತಿ) ಜೋರಾಗಿರುವಾಗ, ಸಾಯುವ ಯೋಚನೆ ತೀವ್ರವಾಗಿರುವಾಗ, ಆಘಾತದ ನೆನಪು ಬಂದ ಕೂಡಲೇ ಸುತ್ತಲಿನ ಅರಿವೇ ತಪ್ಪಿಹೋಗುವವರಲ್ಲಿ, ಇಂಥ ತಂತ್ರಗಳಿಂದ ಶುರು ಮಾಡಬಾರದು. ಮೊದಲು ಸುರಕ್ಷತೆ, ನಿದ್ದೆ, ಬೇಕಿದ್ದರೆ ಔಷಧಿ. ತುರ್ತು ಸಹಾಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು.

ಕೊನೆಗೆ ಪರೀಕ್ಷೆಗೆ ಮತ್ತು ಅಭ್ಯಾಸಕ್ಕೆ. ಖಾಲಿ ಕುರ್ಚಿ ಮತ್ತು ಎರಡು ಕುರ್ಚಿಯನ್ನು ಕಲಸಬೇಡಿ. ಮೊದಲನೆಯದು ಇನ್ನೊಬ್ಬರ ಜೊತೆ ಬಾಕಿ ಉಳಿದ ಮಾತಿಗೆ. ಎರಡನೆಯದು ನನ್ನೊಳಗೇ ಜಗಳವಾಡುವ ಎರಡು ದನಿಗಳಿಗೆ, ಮುಖ್ಯವಾಗಿ ತನ್ನನ್ನು ತಾನೇ ಬೈಯುವ ದನಿಗೆ. ಗೆಳೆಯರ ಜೊತೆ ಅಭ್ಯಾಸ ಮಾಡುವಾಗ ಬಸ್ ತಪ್ಪಿದ ಸಿಟ್ಟು, ರೂಮ್‌ಮೇಟ್ ಜೊತೆಗಿನ ಸಣ್ಣ ಮುನಿಸು, ಇಂಥದ್ದನ್ನೇ ತೆಗೆದುಕೊಳ್ಳಿ. ಹಳೆಯ ದೊಡ್ಡ ನೋವುಗಳನ್ನು ಮೇಲ್ವಿಚಾರಕರು ಪಕ್ಕದಲ್ಲಿರುವ ದಿನಕ್ಕೆ ಇಟ್ಟುಕೊಳ್ಳಿ.